ಕನ್ನಡ ನಾಟಕ ಪಿತಾಮಹ ಶಾಂತಕವಿಗಳು

ಯಾವದೊಂದು ಕಾರ್ಯವನ್ನು ಕೈಕೊಳ್ಳುವ ಮೊದಲು ಅದಕ್ಕೆ ಬೇಕಾದ ಸಾಮಗ್ರಿಗಳೆಲ್ಲವೂ ಒದಗಿ ಬರಲೆಂದು ಕಾಯುತ್ತ ಕುಳಿತುಕೊಳ್ಳುವವರು ಲೋಕದಲ್ಲಿ ಬಹು ಜನರು. ಕೈಗೆ ಸಿಕ್ಕಿದ್ದರಿಂದಲೇ ಕಾರ್ಯವನ್ನು ಆರಂಭಿಸಿ, ಇಲ್ಲದ್ದನ್ನು ಬುದ್ಧಿಯಿಂದಲೂ ಶ್ರಮದಿಂದಲೂ ತುಂಬಿಕೊಳ್ಳುವವರು ಕೆಲವರು ಮಾತ್ರ. ಈ ಎರಡನೆಯ ವರ್ಗಕ್ಕೆ ಸೇರಿದವರಲ್ಲಿ ನಮ್ಮ ಸೀಮೆಯ ಶಾಂತಕವಿಗಳು ಗಣ್ಯರು. ಅವರು ಅರಸರಲ್ಲ, ಧನಿಕರಲ್ಲ. ಕನ್ನಡ ಶಾಲೆಯ ಒಬ್ಬ ಮಾಸ್ತರರು. ಆದರೂ ಕನ್ನಡ ನಾಟಕ ಪಿತಾಮಹರೆಂಬ ಗೌರವದ ಹೆಸರು ಅವರಿಗೆ ಸಂದಿತು. ಈ ಸಂಚಿಕೆಯನ್ನು ಓದುವ ನಮ್ಮ ಹಳೆಯ ವಿದ್ಯಾರ್ಥಿನಿಯರೂ, ಮಕ್ಕಳನ್ನು ನಮ್ಮ ಕೈಗೆ ಒಪ್ಪಿಸಿದ ತಾಯಿತಂದೆಗಳೂ ಆ ಮಹನೀಯರ ಜೀವಿತವನ್ನು ಒಂದಿಷ್ಟು ಅರಿತುಕೊಳ್ಳಲೆಂಬ ಉದ್ದೇಶದಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ. ಈ ವರ್ಷದ ಸ್ನೇಹಸಮ್ಮೇಳನದ ನಾಟಕದ ವಿಷಯವಾಗಿ ಕೆಲವು ತಾಯಿತಂದೆಗಳು ಎತ್ತಿದ ಒಂದು ಪ್ರಶ್ನೆಗೆ ಉತ್ತರವೂ ಇದರಲ್ಲಿಯೇ ಅಡಗಿದೆ.

ಶಾಂತಕವಿಗಳ ನಿಜವಾದ ಹೆಸರು ಸಕ್ಕರಿ ಬಾಳಾಚಾರ್ಯರು. ಅವರು 1856ನೆಯ ಇಸವಿಯಲ್ಲಿ ಸಾತೇನಹಳ್ಳಿ ಎಂಬ ಗ್ರಾಮದಲ್ಲಿ ಜನಿಸಿದರು. ಅಂದು ಆ ಗ್ರಾಮವು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದಿತು. 1997ರಲ್ಲಿ ಜಿಲ್ಲೆಯು ವಿಭಾಗವಾದಂದಿನಿಂದ ಅದು ಹಾವೇರಿ ಜಿಲ್ಲೆಗೆ ಸೇರಿದೆ. ಸಾತೇನಹಳ್ಳಿಯ ಹನುಮಂತ ದೇವರಿಗೆ ಶಾಂತೇಶನೆಂಬ ಹೆಸರಿದೆ. ಕದರಮಂಡಲಗಿಯ ಕಾಂತೇಶ, ಶಿಕಾರಿಪುರದ ಭ್ರಾಂತೇಶ, ಸಾತೇನಹಳ್ಳಿಯ ಶಾಂತೇಶ ಎಂಬೀ ಮೂರು ಗುಡಿಗಳ ಹೆಸರನ್ನು ನಮ್ಮ ಕಡೆಯ ಹಿರಿಯರು ಒಂದೇ ಉಸುರಿನಲ್ಲಿ ಹೇಳುವದನ್ನು ಬಹು ಜನರು ಕೇಳಿರಬಹುದು. ತಮ್ಮೂರಿನ ಆ ದೇವರ ಹೆಸರನ್ನೇ ಬಾಳಾಚಾರ್ಯರು ತಮ್ಮ ಕಾವ್ಯನಾಮಕ್ಕೆ ಆಧಾರವಾಗಿ ಇಟ್ಟುಕೊಂಡರು. ಹೀಗೆ ಹುಟ್ಟಿದ ಹಳ್ಳಿಯ ನೆನಪು ಅವರ ಹೆಸರಿನಲ್ಲಿಯೇ ನೆಲೆಗೊಂಡಿತು.

ಅವರು ಬೆಳೆದ ಕಾಲವು ಕನ್ನಡಕ್ಕೆ ಸುಕಾಲವಾಗಿದ್ದಿಲ್ಲ. ಧಾರವಾಡ ಸೀಮೆಯು ಪೇಶವೆಯರ ಆಳಿಕೆಯಿಂದ ಇಂಗ್ಲಿಷರ ಕೈಗೆ ಬಂದು ನಾಲ್ಕು ದಶಕಗಳು ಸಂದಿದ್ದರೂ ಕಚೇರಿಯಲ್ಲಿಯೂ ಪೇಟೆಯಲ್ಲಿಯೂ ಮರಾಠಿಯ ಪ್ರಾಬಲ್ಯವು ಉಳಿದೇ ಇದ್ದಿತು. ಓದುಬರಹ ಬಲ್ಲ ಕನ್ನಡಿಗರು ಮರಾಠಿಯಲ್ಲಿ ಕಾಗದ ಬರೆಯುವದನ್ನು ದೊಡ್ಡಸ್ತಿಕೆಯೆಂದು ಭಾವಿಸುತ್ತಿದ್ದರು. ಡೆಪ್ಯುಟಿ ಚನ್ನಬಸಪ್ಪನವರಂಥ ಮಹನೀಯರು ಕನ್ನಡ ಶಾಲೆಗಳಿಗಾಗಿ ಊರೂರು ತಿರುಗಿ ಶ್ರಮಪಟ್ಟದ್ದರಿಂದ ಆ ಅಂಧಕಾರವು ಮೆಲ್ಲಮೆಲ್ಲನೆ ಸರಿಯತೊಡಗಿದ್ದಿತು. ಚುರಮುರಿ ಶೇಷಗಿರಿರಾಯರು 1870ರ ಹೊತ್ತಿಗೆ ಕಾಳಿದಾಸನ ಶಾಕುಂತಲವನ್ನು ನಮ್ಮ ಕಡೆಯ ಜನರಿಗೆ ಒಗ್ಗುವ ಕನ್ನಡದಲ್ಲಿ ಬರೆದಿದ್ದರು. ಆದರೆ ಪುಸ್ತಕವನ್ನು ಓದಬಲ್ಲವರು ಎಷ್ಟು ಜನ? ಓದಲರಿಯದ ರೈತನಿಗೂ, ನೇಕಾರನಿಗೂ, ಅವರ ಮನೆಯ ಹೆಣ್ಣುಮಕ್ಕಳಿಗೂ ಕನ್ನಡದ ಸೊಬಗನ್ನು ಮುಟ್ಟಿಸಬೇಕಾದರೆ ಕಣ್ಣಿಗೆ ಕಾಣುವ, ಕಿವಿಗೆ ಕೇಳಿಸುವ ಸಾಧನವೊಂದು ಬೇಕಾಗಿದ್ದಿತು. ಆ ಸಾಧನವೇ ನಾಟಕವು.

ನಮ್ಮ ಜನರಿಗೆ ಆಟವು ಹೊಸದಾಗಿದ್ದಿಲ್ಲವೆಂಬದನ್ನು ಇಲ್ಲಿ ಹೇಳಲೇಬೇಕು. ಸುಗ್ಗಿಯು ಮುಗಿದ ಮೇಲೆ ಹಳ್ಳಿಹಳ್ಳಿಗಳಲ್ಲಿ ಬಯಲಾಟಗಳು ನಡೆಯುತ್ತಿದ್ದವು. ಉತ್ತರ ಕನ್ನಡದ ಕರ್ಕಿ ಎಂಬ ಊರಿನ ಭಾಗವತ ಮೇಳವೊಂದು ಘಟ್ಟವನ್ನು ಹತ್ತಿ ಸಾಂಗಲಿಯ ಸಂಸ್ಥಾನಕ್ಕೆ ಹೋಗಿ ಆಟವನ್ನಾಡಿದ್ದಿತು. ಅದನ್ನು ಕಂಡ ಸಾಂಗಲಿಯ ಅರಸರು ಅಂಥ ಆಟವನ್ನು ಮರಾಠಿಯಲ್ಲಿ ಕಟ್ಟಬೇಕೆಂದು ತಮ್ಮ ಆಶ್ರಿತರಾದ ವಿಷ್ಣುದಾಸ ಭಾವೆಯವರಿಗೆ ಅಪ್ಪಣೆ ಕೊಟ್ಟರು. 1843ರಲ್ಲಿ ಭಾವೆಯವರು ಸೀತಾಸ್ವಯಂವರವೆಂಬ ನಾಟಕವನ್ನು ಆಡಿಸಿದರು. ಮರಾಠಿ ರಂಗಭೂಮಿಯ ಆರಂಭವು ಅದೇ ಎಂದು ಎಣಿಸುತ್ತಾರೆ. ಸೋಜಿಗದ ಸಂಗತಿಯೇನೆಂದರೆ, ಕನ್ನಡಿಗರ ಆಟದಿಂದ ಸ್ಫೂರ್ತಿಗೊಂಡ ಆ ಕಲೆಯು ಬಹುಬೇಗ ಬೆಳೆದು, ಮರಾಠಿ ಮಂಡಳಿಗಳ ರೂಪದಿಂದ ನಮ್ಮ ಧಾರವಾಡ, ಹುಬ್ಬಳ್ಳಿ, ಗದಗುಗಳಿಗೇ ಹಿಂತಿರುಗಿ ಬಂದಿತು. ಕನ್ನಡಿಗರು ಹಣ ಕೊಟ್ಟು ಮರಾಠಿ ನಾಟಕಗಳನ್ನು ನೋಡಿ ತಲೆದೂಗತೊಡಗಿದರು. ತಮ್ಮ ಮನೆಯ ಬೀಜವು ನೆರೆಮನೆಯ ಹಿತ್ತಲಲ್ಲಿ ಬೆಳೆದು ಹಣ್ಣಾದುದನ್ನು ಕೊಂಡು ತಿನ್ನುವಂತೆ ಇದಾಯಿತು.

ಈ ಸ್ಥಿತಿಯನ್ನು ಕಂಡು ಮನನೊಂದವರಲ್ಲಿ ಬಾಳಾಚಾರ್ಯರು ಒಬ್ಬರು. ನೆರೆಯ ಭಾಷೆಯನ್ನು ದ್ವೇಷಿಸುವದು ಅವರ ಸ್ವಭಾವವಾಗಿದ್ದಿಲ್ಲ. ನೆರೆಯವರು ಮಾಡಿದ್ದನ್ನು ನಾವೂ ಮಾಡಬೇಕೆಂಬದೇ ಅವರ ಛಲವಾಗಿದ್ದಿತು. 1872ರ ಸುಮಾರಿಗೆ, ಇನ್ನೂ ಇಪ್ಪತ್ತು ತುಂಬದ ವಯಸ್ಸಿನಲ್ಲಿ, ಅವರು ಗದಗಿನಲ್ಲಿ ಒಂದು ನಾಟಕ ಮಂಡಳಿಯನ್ನು ಕಟ್ಟಿದರು. ಅದರ ಹೆಸರು ವೀರನಾರಾಯಣ ಪ್ರಾಸಾದಿತ ಕೃತಪುರ ನಾಟಕ ಮಂಡಳಿ. ಗದಗಿನ ಹಳೆಯ ಹೆಸರೇ ಕೃತಪುರವು. ಕುಮಾರವ್ಯಾಸನು ತನ್ನ ಭಾರತವನ್ನು ಒಪ್ಪಿಸಿದ ವೀರನಾರಾಯಣನ ಅನುಗ್ರಹವನ್ನು ಈ ತರುಣ ಮಾಸ್ತರರು ತಮ್ಮ ಮಂಡಳಿಗೂ ಬೇಡಿಕೊಂಡರು. ಮಂಡಳಿಯ ಹೆಸರಿನಲ್ಲಿ ಯಾವ ಅರಸನ ಹೆಸರೂ ಇದ್ದಿಲ್ಲ, ಯಾವ ಸಾಹುಕಾರನ ಹೆಸರೂ ಇದ್ದಿಲ್ಲ. ದೇವರ ಹೆಸರು ಮತ್ತು ಊರಿನ ಹೆಸರು ಮಾತ್ರ ಇದ್ದವು.

ಇದನ್ನು ಮೈಸೂರಿನ ಸಂಗತಿಯೊಡನೆ ಹೋಲಿಸಿ ನೋಡಿದರೆ ಶಾಂತಕವಿಗಳ ಸಾಹಸವು ಎಷ್ಟೆಂಬದು ತಿಳಿಯುವದು. ಮೈಸೂರಿನಲ್ಲಿ 1880ರ ದಶಕದಲ್ಲಿ ಚಾಮರಾಜೇಂದ್ರ ಒಡೆಯರು ಅರಮನೆಯ ಆಶ್ರಯದಲ್ಲಿ ನಾಟಕ ಸಭೆಯನ್ನು ಬೆಳೆಸಿದರು. ಬಸವಪ್ಪ ಶಾಸ್ತ್ರಿಗಳಂಥ ಆಸ್ಥಾನಕವಿಗಳು ಅದಕ್ಕಾಗಿ ಶಾಕುಂತಲವನ್ನು ಕನ್ನಡಿಸಿದರು. ಅಲ್ಲಿ ಭಂಡಾರವಿದ್ದಿತು, ವಿದ್ವಾಂಸರಿದ್ದರು, ಸಂಗೀತಗಾರರಿದ್ದರು. ಗದಗಿನಲ್ಲಿ ಇದಾವುದೂ ಇದ್ದಿಲ್ಲ. ಅಂದು ಗದಗಿಗೆ ರೈಲುಮಾರ್ಗ ಕೂಡ ಬಂದಿದ್ದಿಲ್ಲ. ಅದು ಬಂದದ್ದು 1880ರ ದಶಕದಲ್ಲಿ. ಊರಿಂದೂರಿಗೆ ಹೋಗಬೇಕಾದರೆ ಎತ್ತಿನ ಚಕ್ಕಡಿಯೇ ಗತಿ. ರಾತ್ರಿಯ ಆಟಕ್ಕೆ ಎಣ್ಣೆಯ ದೀವಟಿಗೆ, ಹಿಲಾಲುಗಳೇ ಬೆಳಕು. ಇದರ ಮೇಲೆ, ಮಂಡಳಿಯು ಹುಟ್ಟಿ ನಾಲ್ಕಾರು ವರ್ಷಗಳಾಗುವಷ್ಟರಲ್ಲಿ, 1876ರಿಂದ 1878ರ ವರೆಗಿನ ಘೋರ ಕ್ಷಾಮವು ಈ ಸೀಮೆಯನ್ನೆಲ್ಲ ಸುಟ್ಟುಬಿಟ್ಟಿತು. ಜನರಿಗೆ ಜೋಳವು ಸಿಗದ ಕಾಲದಲ್ಲಿ ನಾಟಕದ ಮಾತೆಲ್ಲಿ? ಅಂಥ ನೆಲದಲ್ಲಿ ಅಂಥ ಕಾಲದಲ್ಲಿ ಊರಿದ ಸಸಿಯು ಬೇರು ಬಿಟ್ಟಿತೆಂದರೆ ಊರಿದವರ ಶ್ರದ್ಧೆಯು ಸಾಮಾನ್ಯವಾದುದಲ್ಲ.

ಶಾಂತಕವಿಗಳು ತಮ್ಮ ಮಂಡಳಿಗಾಗಿ ಬರೆದ ನಾಟಕವು ಉಷಾಹರಣ. ಈ ಕಥೆಯು ಭಾಗವತದಲ್ಲಿ ಬಂದುದು. ನಮ್ಮ ವಾಚಕಿಯರಲ್ಲಿ ಕೆಲವರಿಗೆ ಇದು ತಿಳಿಯದಿರಬಹುದಾದ್ದರಿಂದ ಸಂಕ್ಷೇಪವಾಗಿ ಹೇಳುತ್ತೇವೆ. ಬಲಿ ಚಕ್ರವರ್ತಿಯ ಮಗನಾದ ಬಾಣಾಸುರನು ಶೋಣಿತಪುರದ ಅರಸನು. ಅವನಿಗೆ ಸಾವಿರ ತೋಳುಗಳು. ತನಗೆ ಸಮಾನನಾದ ಯೋಧನು ಯಾವಾಗ ಸಿಕ್ಕಾನೆಂದು ಅವನು ಗರ್ವದಿಂದ ಶಿವನನ್ನು ಕೇಳಲು, ನಿನ್ನ ಧ್ವಜವು ಮುರಿದು ಬಿದ್ದ ದಿನ ಸಿಕ್ಕುವನೆಂದು ಶಿವನು ಹೇಳಿದನು. ಬಾಣನ ಮಗಳಾದ ಉಷೆಯು ಕನಸಿನಲ್ಲಿ ಒಬ್ಬ ರಾಜಕುಮಾರನನ್ನು ಕಂಡು ಮೋಹಗೊಂಡಳು. ಆತನಾರೆಂಬದು ಅವಳಿಗೇ ತಿಳಿಯದು. ಆಗ ಅವಳ ಗೆಳತಿಯಾದ ಚಿತ್ರಲೇಖೆಯು ದೇವತೆಗಳ, ಅರಸುಮಕ್ಕಳ ಚಿತ್ರಗಳನ್ನು ಒಂದೊಂದಾಗಿ ಬರೆದು ತೋರಿಸಿದಳು. ಶ್ರೀಕೃಷ್ಣನ ಮೊಮ್ಮಗನಾದ ಅನಿರುದ್ಧನ ಚಿತ್ರವನ್ನು ಕಂಡೊಡನೆ ಉಷೆಯು ನಾಚಿ ತಲೆಬಾಗಿದಳು. ಚಿತ್ರಲೇಖೆಯು ತನ್ನ ವಿದ್ಯೆಯ ಬಲದಿಂದ ದ್ವಾರಕೆಗೆ ಹೋಗಿ, ಮಲಗಿದ್ದ ಅನಿರುದ್ಧನನ್ನು ಹಾಗೆಯೇ ಆಕಾಶಮಾರ್ಗದಿಂದ ತಂದಳು. ಬಾಣನಿಗೆ ಇದು ತಿಳಿದು ಅವನನ್ನು ನಾಗಪಾಶದಿಂದ ಬಿಗಿದನು. ಕೃಷ್ಣನು ಸೈನ್ಯಸಮೇತನಾಗಿ ಬಂದು ಬಾಣನ ತೋಳುಗಳನ್ನು ಕಡಿದು ನಾಲ್ಕನ್ನು ಮಾತ್ರ ಉಳಿಸಿದನು. ಕಡೆಗೆ ಉಷೆ ಅನಿರುದ್ಧರ ವಿವಾಹವಾಯಿತು.

ಈ ಕಥೆಯನ್ನು ಓದಲು ಒಂದು ಗಳಿಗೆ ಸಾಕು; ಆದರೆ ಆಡಿ ತೋರಿಸಬೇಕೆಂದವನ ಪಾಡನ್ನು ವಿಚಾರಿಸಿರಿ. ಸಾವಿರ ತೋಳುಗಳನ್ನು ಎಲ್ಲಿಂದ ತರುವದು? ಮುರಿದು ಬೀಳುವ ಧ್ವಜವನ್ನು ಹೇಗೆ ಕಟ್ಟುವದು? ಆಕಾಶದಲ್ಲಿ ಮಂಚವನ್ನು ಹೇಗೆ ಹಾರಿಸುವದು? ನಾಗಪಾಶಕ್ಕೆ ಹಾವುಗಳೆಲ್ಲಿ? ಹಿರಿಯ ನಾಟಕಕಾರನು ಇಷ್ಟೆಲ್ಲವನ್ನೂ ಬೇಡುವ ಕಥೆಯನ್ನು ಬಿಟ್ಟು ಎರಡು ಪಾತ್ರಗಳ ಸುಲಭವಾದ ಕಥೆಯನ್ನು ಆರಿಸಿಕೊಂಡಾನು. ಶಾಂತಕವಿಗಳು ಹಾಗೆ ಮಾಡಲಿಲ್ಲ. ಏಕೆಂದರೆ ಬಯಲಾಟದ ನೆಲದಲ್ಲಿ ಹುಟ್ಟಿದವರಿಗೆ ಆಟದ ಒಂದು ಗುಟ್ಟು ಗೊತ್ತಿರುತ್ತದೆ. ಅದೇನೆಂದರೆ, ರಂಗದ ಮೇಲೆ ಇರುವದು ಸ್ವಲ್ಪ. ನೋಡುವವರ ಮನಸ್ಸಿನಲ್ಲಿ ಹುಟ್ಟುವದು ಬಹಳ. ಇಬ್ಬರು ಹಿಡಿದು ನಿಂತ ಒಂದು ಅಡ್ಡ ಪರದೆಯೇ ಅರಮನೆಯ ಬಾಗಿಲಾಗುತ್ತದೆ. ಹಗುರಾದ ಕಟ್ಟಿಗೆಗೆ ಬೇಗಡೆಯನ್ನು ಹಚ್ಚಿದರೆ ಕಿರೀಟವೂ ಭುಜಕೀರ್ತಿಯೂ ಸಿದ್ಧವಾಗುತ್ತವೆ. ಪಾತ್ರಧಾರಿಯು ಒಂದು ಸುತ್ತು ತಿರುಗಿ ನಿಂತರೆ ಊರು ಬದಲಾಗುತ್ತದೆ. ಇದನ್ನು ಒಪ್ಪಿಕೊಂಡ ಪ್ರೇಕ್ಷಕರು ಕನ್ನಡ ನಾಡಿನಲ್ಲಿ ಮೊದಲೇ ಸಿದ್ಧರಾಗಿದ್ದರು. ಅವರಿಗೆ ಬೇಕಾಗಿದ್ದುದು ಬೆಲೆಯುಳ್ಳ ಪರದೆಗಳಲ್ಲ, ತಮ್ಮ ನುಡಿಯಲ್ಲಿ ಹೊಸ ಮಾತು ಮತ್ತು ಹೊಸ ಹಾಡು. ಶಾಂತಕವಿಗಳು ಅದನ್ನೇ ಕೊಟ್ಟರು.

ಇಲ್ಲಿ ನಮ್ಮ ಶಾಲೆಯ ಸಂಗತಿಯನ್ನು ಸ್ವಲ್ಪ ಹೇಳಬೇಕಾಗಿದೆ. ಈ ವರ್ಷ ಉಷೆಯ ಕಥೆಯ ನಾಲ್ಕು ಪ್ರವೇಶಗಳನ್ನು ನಾವೇ ಬರೆದುಕೊಂಡು ಸ್ನೇಹಸಮ್ಮೇಳನಕ್ಕೆ ಆಡಿಸಬೇಕೆಂದು ನಿಶ್ಚಯಿಸಿದೆವು. ಪಾತ್ರ ವಹಿಸಿದವರಲ್ಲಿ ಹೆಚ್ಚಿನವರು ಕಲಘಟಗಿ ತಾಲೂಕಿನ ಮಿಶ್ರಿಕೋಟಿಯಿಂದಲೂ ಸುತ್ತಲಿನ ಹಳ್ಳಿಗಳಿಂದಲೂ ಬರುವವರಾದ್ದರಿಂದ ಸೂಟಿಯ ದಿವಸಗಳಲ್ಲಿ ತಾಲೀಮನ್ನು ಮಿಶ್ರಿಕೋಟಿಯಲ್ಲಿಯೇ ಇಟ್ಟುಕೊಂಡೆವು. ತಂದೆಯೊಬ್ಬರು ತಮ್ಮ ಕಣವನ್ನು ಬಿಟ್ಟುಕೊಟ್ಟರು. ಅಷ್ಟರಲ್ಲಿ, ಉಷೆಯ ಪಾತ್ರಕ್ಕೆ ಆರಿಸಿದ ಹುಡುಗಿಯು ಎರಡು ದಿನ ತಾಲೀಮಿಗೆ ಬರಲಿಲ್ಲ. ವಿಚಾರಿಸಲು, ರಾಜಕುಮಾರಿಯ ಪಾತ್ರಕ್ಕೆ ರೇಶ್ಮೆಯ ಸೀರೆಯೂ ಆಭರಣವೂ ಬೇಕೆಂದು ಯಾರೋ ಹೇಳಿದ್ದರು. ಅವಳ ಮನೆಯಲ್ಲಿ ಅವು ಇದ್ದಿಲ್ಲ. ಆದ್ದರಿಂದ ಪಾತ್ರವನ್ನು ಬೇರೆಯವಳಿಗೆ ಬಿಟ್ಟುಕೊಡಲು ಅವಳು ಮನಸ್ಸು ಮಾಡಿದ್ದಳು. ಆ ಹುಡುಗಿಯ ಕಂಠವು ತರಗತಿಯಲ್ಲೆಲ್ಲ ಮಿಗಿಲಾದುದು. ಇತ್ತ ಕೆಲವು ತಾಯಿತಂದೆಗಳು ಸದ್ಭಾವದಿಂದಲೇ, ಮನೆಗಿಷ್ಟರಂತೆ ವರ್ಗಣಿ ಕೂಡಿಸಿ ಹುಬ್ಬಳ್ಳಿಯಿಂದ ಪರದೆಗಳನ್ನೂ ಉಡುಪುಗಳನ್ನೂ ಬಾಡಿಗೆಗೆ ತರಿಸಬಾರದೇಕೆಂದು ನಮ್ಮನ್ನು ಕೇಳಿದರು.

ನಾವು ಎಲ್ಲರನ್ನೂ ಕೂಡಿಸಿ, ಈ ನಾಟಕಕ್ಕಾಗಿ ಯಾರೂ ಒಂದು ರೂಪಾಯಿಯ ವಸ್ತುವನ್ನೂ ಕೊಳ್ಳತಕ್ಕದ್ದಲ್ಲವೆಂದು ಗೊತ್ತುಮಾಡಿದೆವು. ಮನೆಯಲ್ಲಿಯೂ ಶಾಲೆಯಲ್ಲಿಯೂ ಇದ್ದುದರಿಂದಲೇ ಎಲ್ಲವೂ ಆಗಬೇಕು, ಒಬ್ಬಳು ತಂದುದನ್ನು ಎಲ್ಲರೂ ಬಳಸಬೇಕು, ಇದೇ ನಿಯಮವು. ಮರುದಿನ ಉಷೆಯು ಬಂದಳು. ಮುಂದಿನ ಹತ್ತು ದಿನಗಳಲ್ಲಿ ಆ ಕಣದಲ್ಲಿ ಮಕ್ಕಳು ಮಾಡಿದ ಯುಕ್ತಿಗಳು ನಮಗೇ ಪಾಠವಾದವು. ಗೋಣಿತಟ್ಟುಗಳನ್ನು ಹೊಲಿದು, ಕೆಮ್ಮಣ್ಣು ಸುಣ್ಣಗಳಿಂದ ಅದರ ಮೇಲೆ ಗೆರೆಯೆಳೆದು ಕೋಟೆಯ ಗೋಡೆಯನ್ನು ಮಾಡಿದರು. ರದ್ದಿ ಕಾಗದವನ್ನು ನೆನೆಯಿಟ್ಟು ಗಂಜಿಯಲ್ಲಿ ಕಲಸಿ, ಕೊಡದ ಬಾಯಿಯ ಮೇಲೆ ಬಡಿದು ಒಣಗಿಸಿ ಕಿರೀಟಗಳನ್ನು ಮಾಡಿದರು. ಪುಂಡಿಯ ನಾರಿನ ಹಗ್ಗಕ್ಕೆ ಮಸಿಯನ್ನು ಬಳಿದು ತುದಿಗೆ ಹುಣಸೆಯ ಬೀಜಗಳ ಕಣ್ಣಿಟ್ಟಾಗ ಅದು ನಾಗಪಾಶವಾಯಿತು. ಶಾಲೆಯ ಬಾಕೇ ಅನಿರುದ್ಧನ ಮಂಚವು. ಧ್ವಜದ ಬೊಂಬಿನ ನಡುವೆ ಕೀಲು ಮಾಡಿ ಸಣ್ಣ ದಾರವನ್ನು ಕಟ್ಟಿದರು. ದಾರವನ್ನು ಸಡಿಲಿಸಿದರೆ ಧ್ವಜವು ಮುರಿದಂತೆ ಬಾಗಿ ಬೀಳುವದು.

ಬಾಣಾಸುರನ ತೋಳುಗಳ ವಿಷಯವಾಗಿ ದೊಡ್ಡ ಚರ್ಚೆಯೇ ನಡೆಯಿತು. ಬಿದಿರಿನ ದಬ್ಬೆಗಳಿಂದ ತೋಳುಗಳನ್ನು ಮಾಡಿ ಬೆನ್ನಿಗೆ ಕಟ್ಟಲು ನೋಡಿದರು. ಭಾರಕ್ಕೆ ಬಾಣನು ಹಿಂದಕ್ಕೆ ವಾಲಿದನು. ಕಡೆಗೆ ಎಂಟು ಮಂದಿ ಹುಡುಗಿಯರು ಬಾಣನ ಹಿಂದೆ ಸಾಲಾಗಿ ನಿಂತು, ಹಾಡಿನ ತಾಳಕ್ಕೆ ಒಬ್ಬರಾದ ಮೇಲೊಬ್ಬರು ತೋಳುಗಳನ್ನು ಚಾಚಿದರು. ಎದುರಿಗೆ ನಿಂತು ನೋಡುವವರಿಗೆ ಒಬ್ಬನೇ ಅಸುರನ ತೋಳುಗಳು ಬಿಚ್ಚಿಕೊಂಡಂತೆ ಕಂಡಿತು. ಯುದ್ಧದಲ್ಲಿ ಚಕ್ರವು ತಿರುಗಿದಂತೆಲ್ಲ ಒಬ್ಬೊಬ್ಬರು ಕುಳಿತುಬಿಟ್ಟರೆ ತೋಳುಗಳು ಕಡಿದು ಬಿದ್ದಂತಾಯಿತು. ಹಣ ಕೊಟ್ಟು ತಂದ ಯಾವ ಯಂತ್ರದಿಂದಲೂ ಇಷ್ಟು ಸೊಗಸಾಗುತ್ತಿದ್ದಿಲ್ಲ. ಇದರಿಂದ ಮಾತಿಲ್ಲದ ಪಾತ್ರಗಳೂ ದೊರೆಯದೆ ಮೂಲೆಯಲ್ಲಿ ಕುಳಿತಿದ್ದ ಎಂಟು ಮಕ್ಕಳಿಗೆ ರಂಗದ ಮೇಲೆ ಸ್ಥಾನವು ದೊರೆಯಿತೆಂಬದು ಇನ್ನೂ ಹೆಚ್ಚಿನ ಲಾಭವು.

ಚಿತ್ರಲೇಖೆಯ ಚಿತ್ರಗಳ ಸಂಗತಿಯು ಇದಕ್ಕಿಂತಲೂ ಮನನೀಯವಾದುದು. ದೇವತೆಗಳ ಮತ್ತು ಅರಸುಮಕ್ಕಳ ಚಿತ್ರಗಳನ್ನು ಬರೆಯಬಲ್ಲವರು ನಮ್ಮಲ್ಲಿ ಯಾರೂ ಇದ್ದಿಲ್ಲ. ಒಬ್ಬ ಚಿಕ್ಕ ಹುಡುಗಿಯು ತನ್ನ ತಂಗಿಯ ಹಳೆಯ ಪಾಟಿಯನ್ನು ತಂದು ಚಿತ್ರಲೇಖೆಯ ಕೈಯಲ್ಲಿಟ್ಟಳು. ಚಿತ್ರಲೇಖೆಯು ಪಾಟಿಯ ಬೆನ್ನು ಪ್ರೇಕ್ಷಕರ ಕಡೆಗಿರುವಂತೆ ಹಿಡಿದು ಉಷೆಗೆ ತೋರಿಸುತ್ತಾಳೆ. ಪಾಟಿಯಲ್ಲಿ ಏನೂ ಇಲ್ಲ. ಉಷೆಯು ಒಂದೊಂದು ಸಲ ನೋಡಿ ಮುಖವನ್ನು ತಿರುಗಿಸುತ್ತಾಳೆ. ಕೊನೆಯ ಸಲ ಕಣ್ಣುಗಳು ಅರಳಿ ತಲೆಯು ತಾನಾಗಿ ಬಾಗುತ್ತದೆ. ಅನಿರುದ್ಧನು ಎಷ್ಟು ಚೆಲುವನೆಂಬದು ಆಗ ಎಲ್ಲರಿಗೂ ತಿಳಿಯುತ್ತದೆ. ಚಿತ್ರವು ಇರಬೇಕಾದದ್ದು ಪಾಟಿಯ ಮೇಲಲ್ಲ, ಉಷೆಯ ಮುಖದ ಮೇಲೆ. ಬೆಲೆಯುಳ್ಳ ಚಿತ್ರಪಟಗಳನ್ನು ತಂದಿದ್ದರೆ ನಾವೆಲ್ಲರೂ ಪಟವನ್ನು ನೋಡುತ್ತಿದ್ದೆವು, ಹುಡುಗಿಯನ್ನು ನೋಡುತ್ತಿದ್ದಿಲ್ಲ. ರೇಶ್ಮೆಯ ಸೀರೆಯಿಲ್ಲವೆಂದು ಹಿಂಜರಿದವಳು ಬರಿಯ ಪಾಟಿಯನ್ನು ನೋಡುತ್ತ ನಿಂತು ಕಣದ ತುಂಬ ಕುಳಿತ ಹೆಂಗಸರ ಕಣ್ಣಲ್ಲಿ ನೀರು ತರಿಸಿದಳು. ತಾಯಿತಂದೆಗಳ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾವು ಕೊಡಲಾರೆವು.

ಇನ್ನು ಶಾಂತಕವಿಗಳ ಚರಿತ್ರೆಗೆ ತಿರುಗೋಣ. ಅವರ ಕಾಲದ ರಂಗಭೂಮಿಯಲ್ಲಿ ಸ್ತ್ರೀಯರಿಗೆ ಸ್ಥಾನವಿದ್ದಿಲ್ಲ. ಸ್ತ್ರೀ ಪಾತ್ರಗಳನ್ನು ಮೀಸೆ ಮೂಡದ ಹುಡುಗರು ಸೀರೆಯುಟ್ಟು ನಟಿಸುತ್ತಿದ್ದರು. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ರಂಗದ ಮೇಲೆ ನಿಲ್ಲುವದನ್ನು ಯಾರೂ ಕನಸಿನಲ್ಲಿಯೂ ಎಣಿಸುತ್ತಿದ್ದಿಲ್ಲ. ಮುಂದೆ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಈ ಕಟ್ಟು ಸಡಿಲವಾಗುತ್ತ ಬಂದಿತು. ಬೀಳಗಿಯ ಅಮೀರಬಾಯಿ, ಗೋಹರಬಾಯಿ ಸಹೋದರಿಯರು ಕನ್ನಡ ಮಂಡಳಿಗಳಲ್ಲಿ ಹಾಡುತ್ತ ಬೆಳೆದು, ಮರಾಠಿ ರಂಗಭೂಮಿಯಲ್ಲಿಯೂ ಹಿಂದೀ ಚಿತ್ರಪಟಗಳಲ್ಲಿಯೂ ಹೆಸರನ್ನು ಪಡೆದರು. ಅವರೂ ಅವರಂಥ ಇತರ ನಟಿಯರೂ ಜನರ ಹಗುರಾದ ಮಾತುಗಳನ್ನು ಸಹಿಸಿ ದಾರಿಯನ್ನು ತೆರೆದದ್ದರಿಂದಲೇ ನಮ್ಮ ಹುಡುಗಿಯರು ನಿರ್ಭಯವಾಗಿ ಮಾತಾಡಿ ಹಾಡಬಲ್ಲರು. ಅಂದು ಉಷೆಯ ಪಾತ್ರಕ್ಕೆ ಹುಡುಗನೇ ಬೇಕಾಗಿದ್ದಿತು. ನಮ್ಮಲ್ಲಿ ಬಾಣಾಸುರನ ಪಾತ್ರವೂ ಹುಡುಗಿಯದೇ. ಈ ಪಲ್ಲಟವನ್ನು ಕಂಡಿದ್ದರೆ ಶಾಂತಕವಿಗಳು ಸಂತೋಷಪಡುತ್ತಿದ್ದರೆಂದು ನಾವು ನಂಬುತ್ತೇವೆ. ಏಕೆಂದರೆ ಅವರು ಬಯಸಿದ್ದುದು ಕನ್ನಡವು ಎಲ್ಲರ ಬಾಯಲ್ಲಿಯೂ ತಲೆಯೆತ್ತಿ ನಿಲ್ಲಬೇಕೆಂಬದನ್ನೇ.

ಶಾಂತಕವಿಗಳು ಉಷಾಹರಣದಿಂದ ತೃಪ್ತರಾಗಿ ಕುಳಿತವರಲ್ಲ. ಶಾಲೆಯಲ್ಲಿ ಮಕ್ಕಳಿಗೆ ಪಾಠವನ್ನು ಹೇಳುತ್ತ, ಬಿಡುವು ದೊರೆತಾಗಲೆಲ್ಲ ಪುರಾಣಗಳಿಂದ ಕಥೆಗಳನ್ನಾರಿಸಿ ಅವರು ಇನ್ನೂ ಅನೇಕ ನಾಟಕಗಳನ್ನು ಬರೆದರು, ಕಾವ್ಯಗಳನ್ನು ರಚಿಸಿದರು, ಕೀರ್ತನೆಗಳನ್ನು ಮಾಡಿದರು. ಕೀರ್ತನಕ್ಕಂತೂ ಪರದೆಯೂ ಬೇಡ, ವೇಷವೂ ಬೇಡ. ನಿಂತ ನೆಲವೇ ರಂಗವು, ಕೈಯೊಳಗಿನ ತಾಳವೇ ಸಾಮಗ್ರಿಯು. ಒಬ್ಬನೇ ಮನುಷ್ಯನು ಅರಸನೂ ಆಗಿ ಸೇವಕನೂ ಆಗಿ, ತಾಯಿಯೂ ಆಗಿ ಮಗುವೂ ಆಗಿ ಮಾತಾಡುವನು. ನಾಟಕದ ಆಡಂಬರವನ್ನೆಲ್ಲ ಒಂದೊಂದಾಗಿ ತೆಗೆದುಹಾಕಿದರೆ ಕಡೆಗೆ ಉಳಿಯುವದು ಇದೇ ಎಂಬದನ್ನು ಅವರು ತಮ್ಮ ಬಾಳಿನಲ್ಲಿಯೇ ತೋರಿಸಿದರು.

1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು. ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾಗಬೇಕೆಂಬ ಭಾವನೆಯು ಆ ಕಾಲದಿಂದ ಮೊಳೆಯತೊಡಗಿತು. ಶಾಂತಕವಿಗಳು ಕರ್ನಾಟಕವನ್ನು ದೇವಿಯೆಂದು ಭಾವಿಸಿ, ತನ್ನ ಮಕ್ಕಳನ್ನು ಕಾಪಾಡೆಂದು ಬೇಡುವ ಹಾಡನ್ನು ಬರೆದರು. ಮರೆತು ಮಲಗಿದ್ದ ಕನ್ನಡಿಗರನ್ನು ಎಚ್ಚರಿಸುವದಕ್ಕೆ ಇಂಥ ಹಾಡುಗಳು ಮಾಡಿದ ಕೆಲಸವು ಅಷ್ಟಿಷ್ಟಲ್ಲ. ಅವರು 1920ರಲ್ಲಿ ತೀರಿಕೊಂಡರು. ಆಗಿನ್ನೂ ಕನ್ನಡ ನಾಡು ಒಂದಾಗಿದ್ದಿಲ್ಲ. ಅದು ಒಂದಾದುದು 1956ನೆಯ ಇಸವಿಯ ನವೆಂಬರ 1ರಂದು. ತಾವು ನೆಟ್ಟ ಮರದ ನೆರಳಿನಲ್ಲಿ ಕೂಡ್ರುವ ಭಾಗ್ಯವು ಅವರಿಗೆ ದೊರೆಯಲಿಲ್ಲ. ಶಿಕ್ಷಕರ ಬಾಳು ಬಹುಶಃ ಎಲ್ಲ ಕಾಲದಲ್ಲಿಯೂ ಹೀಗೆಯೇ.

ರಂಗಭೂಮಿಯಲ್ಲಿ ಅವರು ಹಾಕಿಕೊಟ್ಟ ದಾರಿಯಲ್ಲಿ ಮುಂದೆ ಬಹು ಜನರು ನಡೆದರು. ಕೊಣ್ಣೂರು, ಶಿರಹಟ್ಟಿ ಮೊದಲಾದ ಊರುಗಳ ಹೆಸರಿನ ಮಂಡಳಿಗಳು ಹುಟ್ಟಿದವು. ಅದೇ ಗದಗಿನ ನಂಟುಳ್ಳ ಗರುಡ ಸದಾಶಿವರಾಯರು ದತ್ತಾತ್ರೇಯ ನಾಟಕ ಮಂಡಳಿಯನ್ನು ಕಟ್ಟಿ ಕನ್ನಡ ನಾಟಕಕ್ಕೆ ಅಪಾರ ಕೀರ್ತಿಯನ್ನು ತಂದರು. ಬಣ್ಣದ ಪರದೆಗಳೂ, ಹೊಳೆಯುವ ಉಡುಪುಗಳೂ, ಬೆರಗುಗೊಳಿಸುವ ಯಂತ್ರಗಳೂ ರಂಗಕ್ಕೆ ಬಂದವು. ಇವು ಒಂದು ಕಾಲಕ್ಕೆ ಜನರನ್ನು ಸೆಳೆದವೆಂಬದು ನಿಜವು. ಆದರೆ ಚಲಚ್ಚಿತ್ರವು ಬಂದು ಇದಕ್ಕೂ ಮಿಗಿಲಾದ ಬೆರಗನ್ನು ಕಡಿಮೆ ಬೆಲೆಗೆ ತೋರಿಸತೊಡಗಿದಾಗ, ಪರದೆಗಳ ಭಾರವನ್ನು ಹೊತ್ತ ದೊಡ್ಡ ಮಂಡಳಿಗಳು ಒಂದೊಂದಾಗಿ ಕುಸಿದವು. ಹಳ್ಳಿಯ ಬಯಲಾಟವೂ, ತರುಣರು ಕೂಡಿ ಆಡುವ ಸಾದಾ ನಾಟಕವೂ, ಶಾಲೆಯ ಮಕ್ಕಳ ಆಟವೂ ಅಳಿಯಲಿಲ್ಲ. ಏಕೆಂದರೆ ಅವುಗಳ ಬಂಡವಾಳವು ಪೆಟ್ಟಿಗೆಯಲ್ಲಿದ್ದಿಲ್ಲ, ಕಂಠದಲ್ಲಿಯೂ ಕೈಯಲ್ಲಿಯೂ ಇದ್ದಿತು.

ಒಂದು ಆಕ್ಷೇಪಣೆಯು ಬರಬಹುದು. ಬಡತನವೇ ಒಳ್ಳೆಯದು, ಚೆಲುವಾದ ಉಡುಪು ಕೆಟ್ಟದ್ದು ಎಂದು ನೀವು ಹೇಳುತ್ತೀರಾ ಎಂದು ಕೆಲವರು ಕೇಳಿಯಾರು. ಹಾಗಲ್ಲ. ಶಾಂತಕವಿಗಳಿಗೆ ಅರಸನ ಭಂಡಾರವು ದೊರೆತಿದ್ದರೆ ಅವರು ಅದನ್ನು ನಿರಾಕರಿಸುತ್ತಿದ್ದರೆಂದು ನಾವು ಹೇಳೆವು. ನಾವು ಹೇಳುವದಿಷ್ಟೇ: ಸಾಮಗ್ರಿಯು ಕೆಲಸದ ಹಿಂದೆ ಬರಬೇಕು, ಕೆಲಸಕ್ಕೆ ಅಡ್ಡವಾಗಿ ನಿಲ್ಲಬಾರದು. ಯಾವ ಮಗುವು ಸೀರೆಯಿಲ್ಲದ ಕಾರಣದಿಂದ ಪಾತ್ರವನ್ನು ಕಳೆದುಕೊಳ್ಳುವದೋ ಆ ಮಗುವು ನಾಳೆ ಪುಸ್ತಕವಿಲ್ಲದ ಕಾರಣದಿಂದ ಓದನ್ನೂ, ಹಣವಿಲ್ಲದ ಕಾರಣದಿಂದ ಧೈರ್ಯವನ್ನೂ ಕಳೆದುಕೊಳ್ಳುವದು. ಯಾವ ಮಗುವು ಹರಕು ಗೋಣಿಯಿಂದ ಕೋಟೆಯನ್ನು ಕಟ್ಟಬಲ್ಲದೋ ಅದು ಮುಂದೆ ಎಂಥ ಮನೆಯನ್ನು ಸೇರಿದರೂ, ಎಂಥ ಕೆಲ��ವನ್ನು ಕೈಕೊಂಡರೂ ಕೈಕಟ್ಟಿ ಕೂಡ್ರುವದಿಲ್ಲ. ತಾಲೀಮಿನ ಫಲವು ಆಟದ ಒಂದು ರಾತ್ರಿಗೆ ಮುಗಿಯತಕ್ಕದ್ದಲ್ಲ.

ಈ ಮಾತಿಗೆ ನಮ್ಮ ಹಳೆಯ ವಿದ್ಯಾರ್ಥಿನಿಯರೇ ಸಾಕ್ಷಿಯಾಗಿದ್ದಾರೆ. ಅವರಲ್ಲಿ ಹಲವರು ಇಂದು ಹಳ್ಳಿಯ ಶಾಲೆಗಳಲ್ಲಿ ಶಿಕ್ಷಕಿಯರಾಗಿ, ದವಾಖಾನೆಗಳಲ್ಲಿ ದಾದಿಯರಾಗಿ, ಮನೆಗಳಲ್ಲಿ ತಾಯಂದಿರಾಗಿ, ಇಲ್ಲದ್ದಕ್ಕಾಗಿ ಗೊಣಗದೆ ಇದ್ದುದರಿಂದಲೇ ಕಾರ್ಯವನ್ನು ಸಾಗಿಸುತ್ತಿರುವದನ್ನು ನಾವು ಬಲ್ಲೆವು. ಅವರಲ್ಲಿ ನಾವು ಕೇಳಿಕೊಳ್ಳುವದೇನೆಂದರೆ, ಸ್ನೇಹಸಮ್ಮೇಳನಕ್ಕೆ ಕಾಣಿಕೆಯಾಗಿ ಬೆಲೆಯುಳ್ಳ ಪರದೆಯನ್ನು ಕಳಿಸುವ ಬದಲು ಒಂದೆರಡು ದಿನ ಬಿಡುವು ಮಾಡಿಕೊಂಡು ತಾಲೀಮಿಗೆ ಬರಬೇಕು. ಹೊಲಿಗೆ ಬಲ್ಲವರು ಹೊಲಿಗೆಯನ್ನೂ, ಹಾಡು ಬಲ್ಲವರು ಹಾಡನ್ನೂ ಚಿಕ್ಕವರಿಗೆ ಕಲಿಸಬೇಕು. ತಾಯಿತಂದೆಗಳಾದರೂ ಮಕ್ಕಳು ಮನೆಯಲ್ಲಿ ಹಳೆಯ ಚೀಲವನ್ನೋ ಒಡಕು ಬುಟ್ಟಿಯನ್ನೋ ಬೇಡಿದರೆ ಗದರಿಸದೆ ಕೊಡಬೇಕು.

ಗದಗಿನ ಆ ತರುಣ ಮಾಸ್ತರರು ಕೈಯಲ್ಲಿ ಏನೂ ಇಲ್ಲದೆ, ಬಾಯಲ್ಲಿ ಕನ್ನಡವನ್ನಿಟ್ಟುಕೊಂಡು ಹೊರಟರು. ಅವರು ಹಚ್ಚಿದ ಹಣತೆಯು ಸಣ್ಣದಾದರೂ ಅದರಿಂದ ನಾಡಿನ ಎಷ್ಟೋ ದೀಪಗಳು ಹೊತ್ತಿಕೊಂಡವು. ನಮ್ಮ ಹುಡುಗಿಯರಲ್ಲಿ ಪ್ರತಿಯೊಬ್ಬಳೂ ಅಂಥ ಒಂದು ಹಣತೆಯನ್ನು ತನ್ನ ಊರಿಗೆ ಒಯ್ಯಲಿ. ಎಣ್ಣೆಯು ಸ್ವಲ್ಪವೆಂದು ಯಾರೂ ಅದನ್ನು ಹಚ್ಚದೆ ಇರದಿರಲಿ.